ಹಸಿ ಕಸದಿಂದಾದ ಉತ್ಪನ್ನಗಳನ್ನು ಕಡ್ಡಾಯವಾಗಿ ಕೊಳ್ಳಬೇಕೆಂಬ ನಿಯಮವನ್ನು ಕ್ಯಾಲಿಫೋರ್ನಿಯಾದ ನಗರಗಳು ಹೇಗೆ ಪಾಲಿಸುತ್ತವೆ?

2016ರ ಎಸ್‌ಬಿ (ಸೆನೆಟ್‌ ಬಿಲ್‌) 1383 ಕಾನೂನಿನಡಿ ಅಲ್ಲಿನ ಬಹುತೇಕ ನಗರಗಳಿಗೆ ಪ್ರತಿ ನಿವಾಸಿಗೆ ವರ್ಷಕ್ಕೆ 0.08 ಟನ್‌ ಜೈವಿಕ ತ್ಯಾಜ್ಯದ ಲೆಕ್ಕದಲ್ಲಿ ಖರೀದಿಯ ಗುರಿ ನಿಗದಿಯಾಗಿದೆ. ಈ ಗುರಿ ಕಸದ ತೂಕದ್ದೇ ಹೊರತು ಉತ್ಪನ್ನದ್ದಲ್ಲ. ಒಂದು ಟನ್‌ ಕಸಕ್ಕೆ 0.58 ಟನ್‌ ಕಾಂಪೋಸ್ಟ್‌ ಸಮವೆಂದು ನಿಯಮವೇ ಹೇಳುವುದರಿಂದ, ಲಕ್ಷ ಜನರಿರುವ ನಗರವು ತನ್ನ 8,000 ಟನ್‌ ಗುರಿಯನ್ನು 4,640 ಟನ್‌ ಕಾಂಪೋಸ್ಟ್‌ನಿಂದ ಪೂರೈಸಬಹುದು. ಗಿಡಗಳ ಬುಡಕ್ಕೆ ಹೊದಿಸುವ ಮರದ ಚೂರು, ಕಸದಿಂದ ತೆಗೆದ ಜೈವಿಕ ಅನಿಲ, ಸಸ್ಯ ತ್ಯಾಜ್ಯದಿಂದ (ಬಯೋಮಾಸ್‌) ತಯಾರಾದ ವಿದ್ಯುತ್ತು ಕೂಡ ಷರತ್ತಿಗೊಳಪಟ್ಟು ಲೆಕ್ಕಕ್ಕೆ ಬರುತ್ತವೆ.

ನಿಜವಾದ ಕಷ್ಟವಿರುವುದು ಅಷ್ಟು ಗೊಬ್ಬರವನ್ನು ಹಾಕಲು ಜಾಗ ಹುಡುಕುವುದರಲ್ಲಿ. ಉದ್ಯಾನಗಳಿಗೆ ಬಳಸಿ ಮಿಕ್ಕಿದ್ದನ್ನು ನಿವಾಸಿಗಳಿಗೆ ಉಚಿತವಾಗಿ ಹಂಚಿದರೂ ಅದು ಖರೀದಿಯೆಂದೇ ಪರಿಗಣಿತವಾಗುತ್ತದೆ. ನಗರದ ಪರವಾಗಿ ಒಪ್ಪಂದದ ಸೇವಾದಾರರು ಕೊಂಡು ಬಳಸಲೂ ಅವಕಾಶವಿದೆ. ನನ್ನ ದೃಷ್ಟಿಯಲ್ಲಿ, ಸಾವಯವ ಅಂಶ ಕಳೆದುಕೊಂಡ ಹೊಲಗಳಿಗೆ ಅದನ್ನು ತಲುಪಿಸುವುದೇ ಅತ್ಯುತ್ತಮ ಬಳಕೆ.