ಹೆಲ್ಪ್‌ಮೇಟ್‌ನಲ್ಲಿ ಗ್ರಿಮ್‌ಶಾ ಅಂದರೆ ಏನು?

ಮೊದಲು ಹೆಲ್ಪ್‌ಮೇಟ್ ಬಗ್ಗೆ ಒಂದು ಮಾತು. ಇದು ಚೆಸ್ ಸಮಸ್ಯೆಯ, ಅಂದರೆ ಬಿಡಿಸಲು ಕೊಡುವ ಚೆಸ್ ಒಗಟಿನ, ಒಂದು ಬಗೆ. ಇಲ್ಲಿ ಬಿಳಿ, ಕಪ್ಪು ಇಬ್ಬರೂ ಸೇರಿ ಕಪ್ಪು ರಾಜನಿಗೆ ಮೇಟ್ (ಚೆಕ್‌ಮೇಟ್) ಕಟ್ಟುತ್ತಾರೆ. ಸಾಮಾನ್ಯವಾಗಿ ಮೊದಲ ನಡೆ ಕಪ್ಪಿನದು.

ಈಗ ಬೋರ್ಡ್ ತೆಗೆದು ಕಪ್ಪು ಆನೆಯನ್ನು ಎ6ರಲ್ಲಿ, ಕಪ್ಪು ಒಂಟೆಯನ್ನು ಬಿ8ರಲ್ಲಿ ಇಡಿ. ಆನೆ ಜಿ6 ಮನೆಯನ್ನು ಕಾಯುತ್ತಿದೆ, ಒಂಟೆ ಎಫ್4 ಮನೆಯನ್ನು. ಎರಡರ ದಾರಿಯೂ ಡಿ6ರಲ್ಲಿ ಕೂಡುತ್ತದೆ. ಆನೆ ಡಿ6ಕ್ಕೆ ಬಂದರೆ ಒಂಟೆಯ ದಾರಿ ಬಂದ್, ಬಿಳಿ ಎಫ್4ರಲ್ಲಿ ಮೇಟ್ ಕೊಡಬಹುದು. ಒಂಟೆ ಡಿ6ಕ್ಕೆ ಬಂದರೆ ಆನೆಯ ದಾರಿ ಬಂದ್, ಮೇಟ್ ಜಿ6ರಲ್ಲಿ. ಬಸವನಗುಡಿಯ ಇಕ್ಕಟ್ಟಿನ ಕ್ರಾಸ್‌ನಲ್ಲಿ ಒಂದು ಬಸ್ ನಿಂತರೆ ಅಡ್ಡರಸ್ತೆಯ ಬಸ್ಸೂ ನಿಲ್ಲುತ್ತದಲ್ವಾ, ಹಾಗೆ.

ಒಂದೇ ಮನೆಯಲ್ಲಿ ಎರಡು ಕಾಯಿಗಳು ಹೀಗೆ ಒಂದಕ್ಕೊಂದು ಅಡ್ಡ ಬರುವುದೇ ಗ್ರಿಮ್‌ಶಾ. ಇಂಗ್ಲೆಂಡಿನ ವಾಲ್ಟರ್ ಗ್ರಿಮ್‌ಶಾ 1850ರಲ್ಲಿ ಪ್ರಕಟಿಸಿದ ಸಮಸ್ಯೆಯಿಂದ ಈ ಹೆಸರು ಬಂತು.

ಮಾಮೂಲಿ ಸಮಸ್ಯೆಯಲ್ಲಿ ಕಪ್ಪು ಬೇರೆ ದಾರಿಯಿಲ್ಲದೆ ಈ ತಪ್ಪು ಮಾಡುತ್ತದೆ. ಹೆಲ್ಪ್‌ಮೇಟ್‌ನಲ್ಲಿ ಬೇಕಂತಲೇ ಮಾಡುತ್ತದೆ. ನನಗೆ ಜಾಸ್ತಿ ಇಷ್ಟವಾಗುವುದು ಇದೇ. ಆದರೆ ರಚಿಸುವುದು ಕಷ್ಟ. ಆನೆ ಸುಮ್ನೆ ಬೇರೆ ಕಡೆ ಸರಿದರೂ ಜಿ6ರ ಕಾವಲು ತಪ್ಪುತ್ತದೆ! ಹಾಗಾಗಿ ಡಿ6 ಬಿಟ್ಟು ಬೇರೆ ಯಾವ ನಡೆಯೂ ಕೆಲಸ ಮಾಡದಂತೆ ನೋಡಿಕೊಳ್ಳಬೇಕು. ಎರಡು ಪರಿಹಾರ ಇಟ್ಟು, ಒಂದರಲ್ಲಿ ಆನೆ, ಇನ್ನೊಂದರಲ್ಲಿ ಒಂಟೆ ಡಿ6ಕ್ಕೆ ಬರುವಂತೆ ಮಾಡಿದರೆ ಜೋಡಿ ಚೆನ್ನಾಗಿ ಕೂರುತ್ತದೆ.