ನಿಮ್ಮ ಲೇಖನಕ್ಕೂ ಆ ಸಾಕ್ಷ್ಯಚಿತ್ರಕ್ಕೂ ಇರುವ ತೊಂದರೆ ಒಂದೇ

ನಮಸ್ಕಾರ.

‘ಮೇಕಿಂಗ್ ಎ ಮರ್ಡರರ್’ ಸಾಕ್ಷ್ಯಚಿತ್ರ ಸರಣಿಯ ಬಗ್ಗೆ ನೀವು ಕಳಿಸಿದ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗಂತ ಎರಡು ಸಾಲು ಬರೆದು ವಾಪಸ್ ಕಳಿಸಲೂ ಮನಸ್ಸಾಗಲಿಲ್ಲ. ನಿಮಗೆ ಬರೆಯಲು ಬರುತ್ತದೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾನಿಟೊವಾಕ್ ಕೌಂಟಿಯ (ನಮ್ಮ ಜಿಲ್ಲೆಯ ಥರ) ಆ ಗುಜರಿ ಯಾರ್ಡನ್ನು, ಅಲ್ಲಿ ಸಾಲಾಗಿ ಬಿದ್ದಿರುವ ಹಳೇ ಕಾರುಗಳನ್ನು ನಾಲ್ಕೇ ವಾಕ್ಯದಲ್ಲಿ ಕಣ್ಣಮುಂದೆ ತಂದಿದ್ದೀರಿ. ಅದಕ್ಕೇ ಸ್ವಲ್ಪ ಉದ್ದವಾಗಿ, ನೇರವಾಗಿ ಬರೆಯುತ್ತಿದ್ದೇನೆ.

ನಿಮ್ಮ ವಾದ ಇಷ್ಟು: 2015ರ ಡಿಸೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ಆ 10 ಕಂತುಗಳು, ತೆರೇಸಾ ಹಾಲ್ಬಕ್ ಎಂಬ ಯುವತಿಯ ಕೊಲೆಯಲ್ಲಿ ಶಿಕ್ಷೆಯಾದ ಸ್ಟೀವನ್ ಏವರಿಯ ಪರವಾಗಿ ಮಾತ್ರ ಕಥೆ ಹೇಳಿದವು. ಅವನ ವಿರುದ್ಧ ಇದ್ದ ಸಾಕ್ಷ್ಯವನ್ನು ಬಚ್ಚಿಟ್ಟವು. ಆದ್ದರಿಂದ ಅವನೇ ಕೊಲೆಗಾರ. ಮೊದಲ ಮಾತು ಬಹುಮಟ್ಟಿಗೆ ಸರಿ. ಎರಡನೆಯದು ಅರ್ಧ ಸರಿ. ಮೂರನೆಯದು ಮೊದಲೆರಡರಿಂದ ಹುಟ್ಟುವುದೇ ಇಲ್ಲ. ಚಿತ್ರ ತೆಗೆದವರು ಒಂದು ಕಡೆ ವಾಲಿದರು ಅಂದಮಾತ್ರಕ್ಕೆ ಕಟಕಟೆಯಲ್ಲಿ ನಿಂತವನು ಅಪರಾಧಿ ಆಗುವುದಿಲ್ಲ, ಅಲ್ವಾ?

ಹಿನ್ನೆಲೆಯನ್ನು ಒಂದೇ ವಾಕ್ಯದಲ್ಲಿ ಮುಗಿಸಿಬಿಟ್ಟಿದ್ದೀರಿ. ನಮ್ಮ ಓದುಗರಲ್ಲಿ ಜಾಸ್ತಿ ಜನ ಈ ಸರಣಿ ನೋಡಿರುವುದಿಲ್ಲ. ಅವರಿಗೆ ಇಷ್ಟಾದರೂ ಗೊತ್ತಾಗಬೇಕು. 1985ರಲ್ಲಿ ಏವರಿಗೆ ಲೈಂಗಿಕ ಹಲ್ಲೆಯ ಪ್ರಕರಣವೊಂದರಲ್ಲಿ ಶಿಕ್ಷೆಯಾಯಿತು. 18 ವರ್ಷ ಜೈಲಿನಲ್ಲಿದ್ದ. 2003ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಆ ಕೆಲಸ ಬೇರೊಬ್ಬನದು ಅಂತ ಗೊತ್ತಾಗಿ ಹೊರಗೆ ಬಂದ. ಕೌಂಟಿಯ ಮೇಲೆ 3.6 ಕೋಟಿ ಡಾಲರ್ ಪರಿಹಾರ ಕೇಳಿ ದಾವೆ ಹೂಡಿದ. ಆ ದಾವೆಯಲ್ಲಿ ಪೊಲೀಸರು ಹೇಳಿಕೆ ಕೊಡುತ್ತಿದ್ದ ತಿಂಗಳಲ್ಲೇ, 2005ರ ಅಕ್ಟೋಬರ್ 31ರಂದು, ಮಾರಾಟಕ್ಕಿದ್ದ ವ್ಯಾನಿನ ಫೋಟೋ ತೆಗೆಯಲು ಏವರಿ ಕುಟುಂಬದ ಆ ಗುಜರಿ ಯಾರ್ಡಿಗೆ ಹೋದ ತೆರೇಸಾ ಹಾಲ್ಬಕ್ ಕಾಣೆಯಾದರು. ದಾವೆಯ ಕಾರಣಕ್ಕೆ ತನಿಖೆಯನ್ನು ಪಕ್ಕದ ಕ್ಯಾಲ್ಯುಮೆಟ್ ಕೌಂಟಿಗೆ ಒಪ್ಪಿಸಿದ್ದರು. ಆದರೂ ಏವರಿಯ ಮಲಗುವ ಕೋಣೆಯಲ್ಲಿ ತೆರೇಸಾ ಅವರ ಕಾರಿನ ಕೀ ಸಿಕ್ಕಾಗ, ಅದೇ ದಾವೆಯಲ್ಲಿ ಹೇಳಿಕೆ ಕೊಟ್ಟಿದ್ದ ಮ್ಯಾನಿಟೊವಾಕ್‌ನ ಇಬ್ಬರು ಅಧಿಕಾರಿಗಳು ಆ ಕೋಣೆಯಲ್ಲೇ ಇದ್ದರು. ತೆರೇಸಾ ಅವರ ಕೊಲೆಗೆ 2007ರಲ್ಲಿ ಏವರಿಗೆ ಪೆರೋಲ್ ಇಲ್ಲದ ಜೀವಾವಧಿ ಶಿಕ್ಷೆ ಆಯಿತು. ಅವನ ಅಕ್ಕ-ತಂಗಿಯರ ಪೈಕಿ ಒಬ್ಬರ ಮಗ ಬ್ರೆಂಡನ್ ಡ್ಯಾಸಿಗೂ ಜೀವಾವಧಿ ಆಯಿತು.

ಇದನ್ನು ಹೇಳದೆ ‘ಪೊಲೀಸರ ಮೇಲೆ ಸುಮ್ನೆ ಅನುಮಾನ ಹುಟ್ಟಿಸಿದರು’ ಅಂತ ಬರೆದರೆ ಹೇಗೆ? ಅನುಮಾನಕ್ಕೆ ಕಾರಣ ಇತ್ತು. ಅನುಮಾನ ನಿಜವೋ ಸುಳ್ಳೋ ಅನ್ನುವುದು ಬೇರೆ ಪ್ರಶ್ನೆ.

ಇನ್ನು ‘ಚಿತ್ರ ಬಚ್ಚಿಟ್ಟ ಸಂಗತಿಗಳು’ ಅಂತ ನೀವು ಕೊಟ್ಟ ಪಟ್ಟಿ. ಅವತ್ತು ಏವರಿ ಎರಡು ಸಲ ಸ್ಟಾರ್ 67 ಒತ್ತಿ, ತನ್ನ ನಂಬರ್ ಕಾಣದ ಹಾಗೆ ತೆರೇಸಾ ಅವರ ಮೊಬೈಲಿಗೆ ಕರೆ ಮಾಡಿದ್ದ. ಅವರ ಕಾರಿನ ಬಾನೆಟ್ಟಿನ ಚಿಲಕದ ಮೇಲೆ ಅವನ ಡಿಎನ್‌ಎ ಸಿಕ್ಕಿತ್ತು. ಎರಡೂ ನಿಜ, ಎರಡೂ ಮುಖ್ಯ. ಮೊದಲ 10 ಕಂತುಗಳಲ್ಲಿ ಇವಕ್ಕೆ ಜಾಗ ಸಿಗಬೇಕಿತ್ತು. ಆದರೆ ನೀವು ‘ಬೆವರಿನ ಡಿಎನ್‌ಎ’ ಅಂತ ಬರೆದಿದ್ದೀರಿ. ಅದು ಬೆವರಿನದೇ ಅಂತ ಯಾವ ಪರೀಕ್ಷೆಯೂ ಸಾಬೀತು ಮಾಡಿಲ್ಲ. ಬೆವರು ಅಂದದ್ದು ಪ್ರಾಸಿಕ್ಯೂಟರ್. ಸರಣಿ ಬಂದ ಮೇಲೆ ಇಂಥ ಸಂಗತಿಗಳ ಪಟ್ಟಿಯನ್ನು ಮಾಧ್ಯಮಗಳ ಮುಂದೆ ಇಟ್ಟವರೂ ಅವರೇ: ಏವರಿ ವಿರುದ್ಧ ವಾದಿಸಿದ ಕೆನ್ ಕ್ರಾಟ್ಜ್. ಅವರ ಮಾತನ್ನು ಬಳಸಬಾರದು ಅಂತಲ್ಲ. ಅದು ಯಾರ ಮಾತು ಅಂತ ಓದುಗರಿಗೆ ಹೇಳಿ ಬಳಸಿ.

ಬೆಕ್ಕಿನ ವಿಷಯಕ್ಕೆ ಇಡೀ ಒಂದು ಪ್ಯಾರಾ ಕೊಟ್ಟಿದ್ದೀರಿ. ಏವರಿ ಹಿಂದೆ ಬೆಕ್ಕೊಂದನ್ನು ಬೆಂಕಿಗೆ ಹಾಕಿದ್ದನ್ನು ಚಿತ್ರ ಹುಡುಗಾಟದ ಹಾಗೆ ತೋರಿಸಿತು ಅನ್ನುವ ನಿಮ್ಮ ಸಿಟ್ಟು ನ್ಯಾಯವಾದದ್ದೇ. ಎಣ್ಣೆ ಸುರಿದು ಬೆಂಕಿಗೆ ಎಸೆದ ಕ್ರೂರ ಕೆಲಸ ಅದು, ಅದಕ್ಕೆ ಶಿಕ್ಷೆಯೂ ಆಗಿತ್ತು. ಆದರೆ ಅದು ಈ ಕೊಲೆಗೆ ಸಾಕ್ಷ್ಯವಲ್ಲ. ಇದೇ ಥರ ಚಿತ್ರದವರು ಕ್ರಾಟ್ಜ್ ಅವರ ವಿಷಯವನ್ನು ತಂದರು. ತಾವೇ ನಡೆಸುತ್ತಿದ್ದ ಇನ್ನೊಂದು ಪ್ರಕರಣದ ಸಂತ್ರಸ್ತೆಗೆ ಅಶ್ಲೀಲ ಮೆಸೇಜ್ ಕಳಿಸಿ ಅವರು 2010ರಲ್ಲಿ ಹುದ್ದೆ ಬಿಡಬೇಕಾಯಿತು. ಅದು ನಾಚಿಕೆಗೇಡಿನ ಕೆಲಸ. ಆದರೆ ಅದರಿಂದ ಏವರಿ ನಿರ್ದೋಷಿ ಆಗುವುದಿಲ್ಲ. ಚಿತ್ರದವರು ಪ್ರಾಸಿಕ್ಯೂಟರ್‌ಗೆ ಮಸಿ ಬಳಿದರು, ನೀವು ಆರೋಪಿಗೆ ಬಳಿದಿರಿ.

ನನಗೆ ಜಾಸ್ತಿ ಬೇಸರವಾದದ್ದು ಬೇರೆ. ಚಿತ್ರದ ಪಕ್ಷಪಾತಕ್ಕೆ ಇರುವ ಸ್ಪಷ್ಟ ಉದಾಹರಣೆಯೇ ನಿಮ್ಮ ಲೇಖನದಲ್ಲಿ ಇಲ್ಲ. ಆ್ಯಂಡ್ರ್ಯೂ ಕೋಲ್ಬೋರ್ನ್ ಎಂಬ ಅಧಿಕಾರಿಯ ಪಾಟಿ ಸವಾಲನ್ನು ನೋಡಿ. ತೆರೇಸಾ ಅವರ ಕಾರು ಸಿಗುವ ಮೊದಲೇ ಕೋಲ್ಬೋರ್ನ್ ಕಂಟ್ರೋಲ್ ರೂಮಿಗೆ ಫೋನ್ ಮಾಡಿ ಅದರ ನಂಬರ್ ಪ್ಲೇಟ್ ಯಾರದು ಅಂತ ಕೇಳಿದ್ದರು. ಇದನ್ನು ಕೇಳಿದವರಿಗೆ, ನೀವು ಆ ಕಾರಿನ ಹಿಂದೆ ನಿಂತು ಪ್ಲೇಟ್ ನೋಡಿ ಹೇಳುತ್ತಿದ್ದೀರಿ ಅನ್ನಿಸಬಹುದಲ್ಲವೇ ಅಂತ ಏವರಿಯ ವಕೀಲ ಡೀನ್ ಸ್ಟ್ರ್ಯಾಂಗ್ ಕೇಳುತ್ತಾರೆ. ಚಿತ್ರದಲ್ಲಿ ಕೋಲ್ಬೋರ್ನ್ ‘ಹೌದು’ ಅನ್ನುತ್ತಾರೆ. ಕೋರ್ಟಿನಲ್ಲಿ ನಡೆದದ್ದು ಹಾಗಲ್ಲ. ಆ ಪ್ರಶ್ನೆಗೆ ಪ್ರಾಸಿಕ್ಯೂಷನ್ ಆಕ್ಷೇಪ ಎತ್ತಿತು. ನ್ಯಾಯಾಧೀಶರು ಆಕ್ಷೇಪವನ್ನು ಎತ್ತಿಹಿಡಿದರು. ಪ್ರಶ್ನೆಗೆ ಉತ್ತರವೇ ಬರಲಿಲ್ಲ. ಆಮೇಲೆ ವಕೀಲರು, ನೀವು ಮಾಡಿರುವ ನೂರಾರು ನಂಬರ್ ಪ್ಲೇಟ್ ವಿಚಾರಣೆಗಳ ಹಾಗೇ ಈ ಕರೆಯೂ ಕೇಳಿಸುತ್ತದಲ್ಲವೇ ಅಂತ ಕೇಳಿದರು. ಅದಕ್ಕೆ ಬಂದ ‘ಹೌದು’ ಅದು. ಎಡಿಟಿಂಗ್ ಟೇಬಲ್ ಮೇಲೆ ಒಂದು ಪ್ರಶ್ನೆಯ ಉತ್ತರವನ್ನು ಇನ್ನೊಂದಕ್ಕೆ ಅಂಟಿಸಿದರು. ಕೋಲ್ಬೋರ್ನ್ 2018ರಲ್ಲಿ ಮಾನಹಾನಿ ದಾವೆ ಹೂಡಿದರು. 2023ರಲ್ಲಿ ಫೆಡರಲ್ ಕೋರ್ಟ್ ಅದನ್ನು ವಜಾ ಮಾಡಿತು. ಅದನ್ನೂ ಬರೆಯಿರಿ. ಕಾನೂನಿನ ಪ್ರಕಾರ ಮಾನಹಾನಿ ಆಗದಿರಬಹುದು, ಆದರೆ ನೋಡುಗರ ಮುಂದೆ ಹೀಗೆ ಮಾಡಬಾರದಿತ್ತು ಅಂತ ನಾನು ಖಂಡಿತ ಹೇಳುತ್ತೇನೆ.

ರಕ್ತದ ಟ್ಯೂಬಿನ ದೃಶ್ಯವೂ ಹಾಗೇ. ಏವರಿಯ ಹಳೇ ಕೇಸಿನ ಕಡತದಲ್ಲಿದ್ದ ರಕ್ತದ ಟ್ಯೂಬು, ಅದರ ಮುಚ್ಚಳದಲ್ಲಿ ಸಣ್ಣ ತೂತು. ಯಾರೋ ಸಿರಿಂಜಿನಲ್ಲಿ ರಕ್ತ ಎಳೆದು ತೆರೇಸಾ ಅವರ ಕಾರಿನಲ್ಲಿ ಹಚ್ಚಿದ್ದಾರೆ ಅಂತ ನೋಡುಗರ ಎದೆ ಹೊಡೆದುಕೊಳ್ಳುವ ಹಾಗೆ ಕಂತು ಮುಗಿಯುತ್ತದೆ. ಅಂಥ ಟ್ಯೂಬಿಗೆ ರಕ್ತ ತುಂಬುವುದೇ ರಬ್ಬರ್ ಮುಚ್ಚಳಕ್ಕೆ ಸೂಜಿ ಚುಚ್ಚಿ. ತೂತು ಇರಲೇಬೇಕು. ಲ್ಯಾಬಿನಲ್ಲಿ ರಕ್ತ ಕೊಟ್ಟಿರುವ ಯಾರಿಗಾದರೂ ಇದು ಗೊತ್ತು. ಆ ಒಂದು ಮಾತನ್ನು ಚಿತ್ರ ಅಲ್ಲಿ ಹೇಳಲಿಲ್ಲ. ಸರಣಿ ನೋಡಿ ಒಂದು ಲಕ್ಷಕ್ಕೂ ಹೆಚ್ಚು ಜನ ಏವರಿಗೆ ಕ್ಷಮೆ ಕೊಡಿ ಅಂತ ಶ್ವೇತಭವನಕ್ಕೆ ಅರ್ಜಿ ಹಾಕಿದರು. ರಾಜ್ಯದ ಕೋರ್ಟು ಕೊಟ್ಟ ಶಿಕ್ಷೆಯನ್ನು ಅಧ್ಯಕ್ಷರು ಮನ್ನಾ ಮಾಡುವಂತಿಲ್ಲ ಅಂತ ಉತ್ತರ ಬಂತು.

ಈಗ ಡ್ಯಾಸಿ. ನಿಮ್ಮ ಲೇಖನದಲ್ಲಿ ಅವನಿಗೆ ಸಿಕ್ಕಿದ್ದು ಒಂದೇ ಸಾಲು: ‘ಅಳಿಯನೇ ತಪ್ಪೊಪ್ಪಿಕೊಂಡಿದ್ದಾನೆ.’ ದಯವಿಟ್ಟು ಆ ವಿಡಿಯೋ ಮತ್ತೆ ನೋಡಿ. 2006ರ ಮಾರ್ಚ್ 1. ಹುಡುಗನಿಗೆ 16 ವರ್ಷ. ಪಕ್ಕದಲ್ಲಿ ವಕೀಲರಿಲ್ಲ, ತಾಯಿ ಇಲ್ಲ. ತೆರೇಸಾ ಅವರ ತಲೆಗೆ ಏನು ಮಾಡಿದಿರಿ ಅಂತ ಪೊಲೀಸರು ಮತ್ತೆ ಮತ್ತೆ ಕೇಳುತ್ತಾರೆ. ಅವನು ಊಹೆ ಮಾಡುತ್ತಾನೆ. ಕೂದಲು ಕತ್ತರಿಸಿದ ಅನ್ನುತ್ತಾನೆ, ಗುದ್ದಿದ ಅನ್ನುತ್ತಾನೆ. ಕೊನೆಗೆ ಅಧಿಕಾರಿಯೇ, ತಲೆಗೆ ಗುಂಡು ಹೊಡೆದದ್ದು ಯಾರು ಅಂತ ಕೇಳಿಬಿಡುತ್ತಾನೆ. ‘ಅವನು’ ಅನ್ನುತ್ತಾನೆ ಹುಡುಗ, ಅಂದರೆ ಏವರಿ. ಮೊದಲೇ ಯಾಕೆ ಹೇಳಲಿಲ್ಲ ಅಂದರೆ, ಹೊಳೆಯಲಿಲ್ಲ ಅನ್ನುತ್ತಾನೆ. ಕೊಲೆಯಲ್ಲಿ ಪಾಲಿತ್ತು ಅಂತ ಹೇಳಿದ ಮೇಲೂ ಅವನ ಚಿಂತೆ ಶಾಲೆಯದು. ಆರನೇ ಪೀರಿಯಡ್‌ಗೆ ಪ್ರಾಜೆಕ್ಟ್ ಕೊಡಬೇಕು, ಅಷ್ಟರೊಳಗೆ ವಾಪಸ್ ಹೋಗಬಹುದಾ ಅಂತ ಕೇಳುತ್ತಾನೆ.

ಈ ಹೇಳಿಕೆಯನ್ನು ಪ್ರಾಸಿಕ್ಯೂಷನ್ ಮರುದಿನವೇ ಟಿ.ವಿ. ಕ್ಯಾಮೆರಾಗಳ ಮುಂದೆ ವಿವರವಾಗಿ ಹೇಳಿತು. ಏವರಿಯ ವಿಚಾರಣೆಯಲ್ಲಿ ಮಾತ್ರ ಅದನ್ನು ಬಳಸಲೇ ಇಲ್ಲ. ಅಂದರೆ ಒಂದೇ ಕಡೆಯ ಕಥೆ ಊರಿಗೆಲ್ಲ ಮೊದಲು ತಲುಪಿದ್ದು ನೆಟ್‌ಫ್ಲಿಕ್ಸ್‌ನಿಂದಲ್ಲ, ಒಂಬತ್ತು ವರ್ಷ ಮೊದಲು, ಸುದ್ದಿವಾಹಿನಿಗಳಿಂದ. 2016ರಲ್ಲಿ ಒಬ್ಬ ಫೆಡರಲ್ ನ್ಯಾಯಾಧೀಶರು ಡ್ಯಾಸಿಯ ಶಿಕ್ಷೆ ರದ್ದು ಮಾಡಿದರು. 2017ರಲ್ಲಿ ಮೇಲ್ಮನವಿ ಕೋರ್ಟಿನ ಪೂರ್ಣಪೀಠ 4–3ರಿಂದ ಶಿಕ್ಷೆಯನ್ನು ಉಳಿಸಿತು. 2018ರಲ್ಲಿ ಸುಪ್ರೀಂ ಕೋರ್ಟ್ ಕೇಸನ್ನು ಕೈಗೆತ್ತಿಕೊಳ್ಳಲಿಲ್ಲ. ಏಳು ನ್ಯಾಯಾಧೀಶರಲ್ಲಿ ಮೂವರು ಒಪ್ಪದ ವಿಷಯವನ್ನು ನೀವು ಒಂದು ಸಾಲಿನಲ್ಲಿ ಮುಗಿಸುವಂತಿಲ್ಲ.

ಚಿತ್ರದವರ ಮೇಲೆ ನನಗಿರುವ ದೂರು ಇಲ್ಲೇ ಇದೆ. ‘ಇವನು ಕೊಂದನೇ?’ ಅನ್ನುವುದು ಒಂದು ಪ್ರಶ್ನೆ. ‘ಇವನಿಗೆ ನ್ಯಾಯವಾದ ವಿಚಾರಣೆ ಸಿಕ್ಕಿತೇ?’ ಅನ್ನುವುದು ಇನ್ನೊಂದು. ಎರಡನೆಯದಕ್ಕೆ ಅವರ ಹತ್ತಿರ ಗಟ್ಟಿ ಸಾಮಗ್ರಿ ಇತ್ತು. ಡ್ಯಾಸಿಯ ವಿಡಿಯೋ ಒಂದೇ ಸಾಕಿತ್ತು. ಮೊದಲನೆಯದನ್ನೂ ಗೆಲ್ಲಲು ಹೋಗಿ ‘ಹೌದು’ಗಳನ್ನು ಅಂಟಿಸಿದರು, ತೂತಿನ ಕಾರಣ ಹೇಳಲಿಲ್ಲ. ಅದರಿಂದ ನಷ್ಟವಾದದ್ದು ಆ ಹುಡುಗನಿಗೆ. ಈಗ ಅವನ ಬಗ್ಗೆ ಮಾತೆತ್ತಿದರೆ ಸಾಕು, ‘ಅಯ್ಯೋ, ಆ ಸುಳ್ಳು ಡಾಕ್ಯುಮೆಂಟರಿನಾ’ ಅನ್ನುವವರಿದ್ದಾರೆ. ನಿಮ್ಮ ಲೇಖನವೂ ಅದನ್ನೇ ಅನ್ನುತ್ತದೆ.

ಬೇರೆ ಥರ ಮಾಡಬಹುದು ಅನ್ನುವುದಕ್ಕೆ ಎರಲ್ ಮಾರಿಸ್ ಅವರ 1988ರ ‘ದಿ ಥಿನ್ ಬ್ಲೂ ಲೈನ್’ ನೋಡಿ. ಡಲ್ಲಾಸ್‌ನ ಪೊಲೀಸ್ ಅಧಿಕಾರಿಯೊಬ್ಬರ ಕೊಲೆಯಲ್ಲಿ ಶಿಕ್ಷೆಯಾದ ರ‍್ಯಾಂಡಲ್ ಆ್ಯಡಮ್ಸ್ ಕಥೆ. ಅವನ ವಿರುದ್ಧ ಸಾಕ್ಷಿ ಹೇಳಿದವರನ್ನೇ ಕ್ಯಾಮೆರಾ ಮುಂದೆ ಕೂರಿಸಿ ಮನಸಾರೆ ಮಾತಾಡಲು ಬಿಡುತ್ತಾರೆ. ಅವರ ಸಾಕ್ಷ್ಯ ಅವರ ಮಾತಿನಲ್ಲೇ ಕುಸಿಯುತ್ತದೆ. 1989ರಲ್ಲಿ ಆ್ಯಡಮ್ಸ್ ಹೊರಗೆ ಬಂದ. ನ್ಯಾಯವಾಗಿ ಹೇಳಬೇಕೆಂದರೆ, ಏವರಿ ಸರಣಿಯ ನಿರ್ದೇಶಕಿಯರಿಗೆ ಕ್ರಾಟ್ಜ್ ಆಗಲಿ ಹಾಲ್ಬಕ್ ಕುಟುಂಬವಾಗಲಿ ಸಂದರ್ಶನ ಕೊಡಲಿಲ್ಲ. ಎದುರು ಪಕ್ಷ ಬಾಯಿ ಬಿಡದಿದ್ದಾಗ ಅವರ ವಾದವನ್ನು ನಾವೇ ಪ್ರಾಮಾಣಿಕವಾಗಿ ಇಡಬೇಕಾಗುತ್ತದೆ. ಕಷ್ಟದ ಕೆಲಸ ಅದು. ಲೇಖನಕ್ಕೂ ಇದೇ ಅನ್ವಯಿಸುತ್ತದೆ.

ಇನ್ನೊಂದು ಮಾತು. ನಿಮ್ಮ ಲೇಖನದಲ್ಲಿ ತೆರೇಸಾ ‘ಕೊಲೆಯಾದ ಯುವತಿ’ ಅಷ್ಟೇ. ಅವರಿಗೆ 25 ವರ್ಷ. ಸ್ವಂತ ಫೋಟೋಗ್ರಫಿ ವ್ಯವಹಾರ ನಡೆಸುತ್ತಿದ್ದರು, ಹುಡುಗಿಯರ ವಾಲಿಬಾಲ್ ತಂಡಕ್ಕೆ ಕೋಚ್ ಆಗಿದ್ದರು. ಚಿತ್ರ ಅವರನ್ನು ಮೂಲೆಗೆ ಸರಿಸಿತು ಅಂತ ದೂರುವ ಲೇಖನ ಅವರಿಗೆ ಒಂದು ಪ್ಯಾರಾ ಆದರೂ ಕೊಡಬೇಕು.

ಮತ್ತೆ ಬರೆಯುವುದಾದರೆ ಬೆಕ್ಕನ್ನು ಒಂದು ವಾಕ್ಯಕ್ಕೆ ಇಳಿಸಿ. ಕೋಲ್ಬೋರ್ನ್ ಪಾಟಿ ಸವಾಲಿನಿಂದ ಶುರು ಮಾಡಿ, ನೇರ ಡ್ಯಾಸಿಯ ವಿಡಿಯೋಗೆ ಬನ್ನಿ. ‘ಅವನೇ ಕೊಲೆಗಾರ’ ಅನ್ನುವ ಕೊನೆಯ ಪುಟ ಪೂರ್ತಿ ತೆಗೆಯಿರಿ. ‘ನೆಟ್‌ಫ್ಲಿಕ್ಸ್ ಮಾಡಿದ ಮಹಾಮೋಸ’ ಅನ್ನುವ ಶೀರ್ಷಿಕೆಯೂ ಬೇಡ. ವಿಚಾರಣೆಯ ದಾಖಲೆಗಳು ಇಂಟರ್ನೆಟ್ಟಿನಲ್ಲಿ ಸಿಗುತ್ತವೆ. ಕೋಲ್ಬೋರ್ನ್ ಸಾಕ್ಷ್ಯದ ಪುಟಗಳನ್ನಾದರೂ ಚಿತ್ರದ ಪಕ್ಕ ಇಟ್ಟುಕೊಂಡು ಓದಿ, ಆಮೇಲೆ ಬರೆಯಿರಿ. ಅವಸರವಿಲ್ಲ. ಕಳಿಸಿದ ದಿನವೇ ಓದುತ್ತೇನೆ.