ಲಾಕ್‌ಔಟ್ ಚಿಪ್ಪಿನ ಪಿನ್ ಎತ್ತಿದ ಮೇಲೂ ಆಟ ಬಾರದಿದ್ದರೆ

ಮಾನ್ಯರೇ, ನಿಮ್ಮ ಹಳೆಯ ವಿಡಿಯೊ ಗೇಮ್ ಯಂತ್ರ ನಿಂಟೆಂಡೊ ಎನ್‌ಇಎಸ್‌ನ ಲಾಕ್‌ಔಟ್ ಚಿಪ್ಪಿನ (ಆಟದ ಕಾರ್ಟ್ರಿಜ್ ಅಸಲಿಯೇ ಎಂದು ಪರೀಕ್ಷಿಸುವ ಚಿಪ್ಪು) ನಾಲ್ಕನೆಯ ಪಿನ್ನನ್ನು ಬೋರ್ಡಿನಿಂದ ಎತ್ತಿದ ಮೇಲೆ ಪರದೆ ಮಿನುಗುವುದು ನಿಂತರೂ ಬರೀ ಬೂದು ಬಣ್ಣವೇ ಕಾಣುತ್ತಿದೆ ಎಂದು ಕೇಳಿದ್ದೀರಿ. ಮಿನುಗು ನಿಂತಿದೆಯೆಂದರೆ ಆ ಚಿಪ್ಪು ಯಂತ್ರವನ್ನು ಸೆಕೆಂಡಿಗೊಮ್ಮೆ ರೀಸೆಟ್ ಮಾಡುವುದನ್ನು ಬಿಟ್ಟಿದೆ, ನಿಮ್ಮ ಕೆಲಸ ಸರಿಯಾಗಿಯೇ ಆಗಿದೆ. ಉಳಿದ ದೋಷ ಬಹುತೇಕ ಕಾರ್ಟ್ರಿಜ್ ಕೂರುವ 72 ಪಿನ್ನಿನ ಕನೆಕ್ಟರಿನದು, ಏಕೆಂದರೆ ಈ ಮಾರ್ಪಾಡಿನಿಂದ ಕಾರ್ಟ್ರಿಜ್‌ನ ಸಂಪರ್ಕವೇನೂ ಸುಧಾರಿಸುವುದಿಲ್ಲ. ಧಾರವಾಡದ ಮಳೆಗಾಲದ ತೇವಕ್ಕೆ ಕಾರ್ಟ್ರಿಜ್‌ನ ಅಂಚಿನ ಲೋಹದ ಪಟ್ಟಿಗಳು ಕಪ್ಪಾಗಿರಬಹುದು. ದಯವಿಟ್ಟು ಬಾಯಿಂದ ಊದಬೇಡಿ. ಹತ್ತಿಯ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ, ಹತ್ತಿ ಬೆಳ್ಳಗೇ ಉಳಿಯುವವರೆಗೆ ಒರೆಸಿ, ಕನೆಕ್ಟರನ್ನು ಕಳಚಿ ಬೋರ್ಡಿನ ಅಂಚನ್ನೂ ಹಾಗೆಯೇ ಒರೆಸಿ. ಎತ್ತಿದ ಪಿನ್ನನ್ನು ಹಾಗೇ ಬಿಡದೆ ಸಣ್ಣ ತಂತಿಯಿಂದ ಗ್ರೌಂಡಿಗೆ (ಬೋರ್ಡಿನ ಶೂನ್ಯ ವೋಲ್ಟ್ ಬಿಂದುವಿಗೆ) ಬೆಸೆಯುವುದು ಒಳ್ಳೆಯದು. ಆ ಪಿನ್ ಮೊದಲು ಬೆಸೆದಿದ್ದ ಬೋರ್ಡಿನ ಪ್ಯಾಡಿನಲ್ಲಿ 5 ವೋಲ್ಟ್ ಇರುವುದರಿಂದ ಪಿನ್ನೂ ಪ್ಯಾಡೂ ಒಂದಕ್ಕೊಂದು ತಾಗದಂತೆ ನೋಡಿಕೊಳ್ಳಿ.